ಗೋಡೆ ಕಾಣದ ಈಜು

ಈಜುಕೊಳದ ಎರಡೂ ತುದಿಗಳಲ್ಲಿ, ಗೋಡೆಗೆ ಇನ್ನು 5 ಮೀಟರ್ ಇದೆ ಎನ್ನುವಲ್ಲಿ, ಆಳೆತ್ತರಕ್ಕೆ ಒಂದು ಹಗ್ಗ ಅಡ್ಡ ಕಟ್ಟಿರುತ್ತಾರೆ. ಅದಕ್ಕೆ ಸಾಲಾಗಿ ಬಣ್ಣದ ಮುಕ್ಕೋನ ಬಾವುಟಗಳು. ಗಣೇಶನ ಪೆಂಡಾಲಿನ ತೋರಣ ಬಿಚ್ಚಲು ಮರೆತಿದ್ದಾರೇನೋ ಎಂದುಕೊಳ್ಳುತ್ತಾರೆ ಹೊಸಬರು. ಆ ಬಾವುಟಗಳಿರುವುದು ಅಂಗಾತ ಈಜುವವರಿಗಾಗಿ. ಅವರಿಗೆ ಎದುರಿನ ಗೋಡೆ ಕಾಣುವುದಿಲ್ಲ. ಬಾವುಟ ಕಣ್ಣ ಮೇಲೆ ಹಾದ ಕೂಡಲೇ ಕೈಬೀಸು ಎಣಿಸಲು ಶುರು ಮಾಡಬೇಕು: ಹುರುಪಿನ ಹುಡುಗರಿಗೆ ಮೂರು, ಸಾಧಾರಣದವರಿಗೆ ನಾಲ್ಕೈದು, ವಯಸ್ಸಾದವರಿಗೆ ಆರು. ಲೆಕ್ಕ ತಪ್ಪಿದರೆ ನೆತ್ತಿ ಗೋಡೆಗೆ. ನಲವತ್ತು ದಾಟಿದ ಮೇಲೆ ಸ್ಪರ್ಧೆಗೆಂದು ಬ್ಯಾಕ್‌ಸ್ಟ್ರೋಕ್ ಹಿಡಿದವರ ತಲೆ ಸವರಿ ನೋಡಿದರೆ ಒಂದಾದರೂ ಬುಗುಟು ಕೈಗೆ ಸಿಕ್ಕೀತು.

ಈ ಈಜಿನ ನಿಯಮ ಬಹಳ ಚಿಕ್ಕದು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮೊಣಕೈ ಎಲ್ಲಿರಬೇಕು, ಪಾದ ಯಾವ ಕಡೆ ತಿರುಗಬೇಕು, ಗೋಡೆಯನ್ನು ಎಷ್ಟು ಕೈಯಲ್ಲಿ ಮುಟ್ಟಬೇಕು ಎಂದು ಸಾಲುಗಟ್ಟಲೆ ಕಟ್ಟಳೆಗಳಿವೆ. ಬ್ಯಾಕ್‌ಸ್ಟ್ರೋಕ್‌ಗೆ ಬಂದರೆ ಮುಖ್ಯವಾದ ಮಾತು ಒಂದೇ: ಅಂಗಾತವಾಗಿರಬೇಕು. ಮೈ ಒಂದು ಮಗ್ಗುಲಿಗೆ ಹೊರಳಬಹುದು, ಆದರೆ 90 ಡಿಗ್ರಿ ತಲುಪಬಾರದು. ಕೈ ಹೇಗೆ ಬೀಸಬೇಕು, ಕಾಲು ಹೇಗೆ ಬಡಿಯಬೇಕು ಎಂಬ ಬಗ್ಗೆ ನಿಯಮಪುಸ್ತಕ ಬಾಯಿ ಬಿಡುವುದಿಲ್ಲ. ಪುಸ್ತಕ ಸುಮ್ಮನಿದ್ದ ಕಡೆಯಲ್ಲೆಲ್ಲ ಈಜುಗಾರರು ಒಂದೊಂದು ದಾರಿ ಹುಡುಕಿಕೊಂಡರು. ಬ್ಯಾಕ್‌ಸ್ಟ್ರೋಕ್‌ನ ಚರಿತ್ರೆ ಎಂದರೆ ಬಹುಪಾಲು ಅದೇ.

ಸ್ಪರ್ಧೆಯ ಮಾತು ಬಿಟ್ಟರೆ ಈಜು ಮಾತ್ರ ಹಳೆಯದು. ಸೊಂಟಕ್ಕೆ ಬೆಂಡು ಅಥವಾ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಗಿಳಿದ ಹಳ್ಳಿಯ ಮಕ್ಕಳಿಗೆ ಕೈಕಾಲು ಸೋತಾಗ ಹಿರಿಯರು ಮೇಲಿಂದ ಕೂಗುತ್ತಿದ್ದ ಉಪಾಯ ಅಂಗಾತ ಮಲಗುವುದು. ಮೂಗು ಮೇಲಿದ್ದರೆ ಉಸಿರಾಟಕ್ಕೆ ತೊಂದರೆಯಿಲ್ಲ. ಯೂರೋಪಿನಲ್ಲಿ ಇದನ್ನು ಬರೆದಿಟ್ಟ ಮೊದಮೊದಲಿನವರಲ್ಲಿ ಒಬ್ಬರು ಇಂಗ್ಲೆಂಡಿನ ಎವರಾರ್ಡ್ ಡಿಗ್ಬಿ. 1587ರಲ್ಲಿ ಲ್ಯಾಟಿನ್ನಿನಲ್ಲಿ ಅವರು ಪ್ರಕಟಿಸಿದ ಈಜಿನ ಪುಸ್ತಕದಲ್ಲಿ ಮರದಚ್ಚಿನ ಚಿತ್ರಗಳಿವೆ. ಬೆನ್ನಿನ ಮೇಲೆ ತೇಲುವ, ಸಾಗುವ ಬಗೆಗಳು ಅದರಲ್ಲಿ ಧಾರಾಳವಾಗಿವೆ. ನೀರಿನಲ್ಲಿದ್ದುಕೊಂಡೇ ಕಾಲ್ಬೆರಳಿನ ಉಗುರು ಕತ್ತರಿಸಿಕೊಳ್ಳುವುದು ಹೇಗೆ ಎಂಬ ಪಾಠವೂ ಇದೆ. ಅದು ಯಾರಿಗೆ ಬೇಕಿತ್ತೋ!

ಒಲಿಂಪಿಕ್ಸ್‌ಗೆ ಬ್ಯಾಕ್‌ಸ್ಟ್ರೋಕ್ ಕಾಲಿಟ್ಟದ್ದು 1900ರ ಪ್ಯಾರಿಸ್‌ನಲ್ಲಿ. ಕೊಳವಿರಲಿಲ್ಲ, ಸೀನ್ ನದಿಯೇ ಕಣ. ದೂರ 200 ಮೀಟರ್. ಗೆದ್ದವರು ಜರ್ಮನಿಯ ಅರ್ನ್ಸ್ಟ್ ಹಾಪೆನ್‌ಬರ್ಗ್, 2 ನಿಮಿಷ 47 ಸೆಕೆಂಡಿನಲ್ಲಿ. ಹೊಳೆಯ ಸೆಳೆತವೂ ಕೈಜೋಡಿಸಿತ್ತು, ಹಾಗಾಗಿ ಆ ಕಾಲವನ್ನು ಇಂದಿನದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಆಗಿನ ಪದ್ಧತಿಯಲ್ಲಿ ಎರಡೂ ಕೈಗಳನ್ನು ಒಟ್ಟಿಗೆ ತಲೆಯ ಹಿಂದಕ್ಕೆ ಎಸೆದು, ಒಟ್ಟಿಗೆ ತೊಡೆಯತ್ತ ಎಳೆದುಕೊಳ್ಳುತ್ತಿದ್ದರು. ಕಾಲುಗಳದು ಕಪ್ಪೆಯ ಒದೆತ. ತೇಲುವ ಬೆನ್ನಿಗೆ ದೋಣಿಯ ಹುಟ್ಟು ಹಾಕಿದ ಹಾಗೆ. ನೋಡಲು ಚೆಂದವಾಗಿದ್ದರೂ ಒಂದು ಐಬಿತ್ತು. ಎರಡೂ ಕೈ ನೀರಿನಿಂದ ಮೇಲೆದ್ದಾಗ ಮೈಯನ್ನು ಮುಂದಕ್ಕೆ ತಳ್ಳುವವರಿಲ್ಲ. ಪ್ರತಿ ಬೀಸಿನ ನಡುವೆ ವೇಗ ಇಳಿದು, ಮತ್ತೆ ಶೂನ್ಯದ ಹತ್ತಿರದಿಂದ ಎಬ್ಬಿಸಬೇಕು. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮೂರು ಪದಕಗಳೂ ಜರ್ಮನಿಗೇ ಹೋದವು. 1908ರ ಲಂಡನ್ನಿನಲ್ಲಿ ಜರ್ಮನಿಯ ಆರ್ನೋ ಬೀಬರ್‌ಸ್ಟೈನ್ 100 ಮೀಟರನ್ನು 1 ನಿಮಿಷ 24.6 ಸೆಕೆಂಡಿನಲ್ಲಿ ಮುಗಿಸಿದರು.

ಜರ್ಮನರ ಪಾರುಪತ್ಯ ಮುರಿದದ್ದು ಷಿಕಾಗೋದ ಹ್ಯಾರಿ ಹೆಬ್ನರ್. 1912ರ ಸ್ಟಾಕ್‌ಹೋಮ್‌ನಲ್ಲಿ ಅವರು ಒಂದಾದ ಮೇಲೊಂದು ಕೈ ಬೀಸಿದರು. ಆಗ ಮುಂಗವಿದು ಈಜುವವರಲ್ಲಿ ಹರಡುತ್ತಿದ್ದ ಕ್ರಾಲ್ ಪದ್ಧತಿಯನ್ನೇ ಮಗುಚಿ ಹಾಕಿದಂತಿತ್ತು ಅದು. ಒಂದು ಕೈ ಗಾಳಿಯಲ್ಲಿರುವಾಗ ಇನ್ನೊಂದು ನೀರನ್ನು ಎಳೆಯುತ್ತಿರುತ್ತದೆ, ವೇಗ ಕುಸಿಯುವುದಿಲ್ಲ. 1 ನಿಮಿಷ 21.2 ಸೆಕೆಂಡಿನಲ್ಲಿ ಹೆಬ್ನರ್ ಮೊದಲಿಗರಾದರು. ನಿಯಮದಲ್ಲಿ ಅದಕ್ಕೆ ಅಡ್ಡಿ ಎಲ್ಲಿಯೂ ಇರಲಿಲ್ಲ. ಎರಡು ಕೈ ಒಟ್ಟಿಗೆ ಎಸೆಯುವ ಈಜು ಮೇಲ್ಮಟ್ಟದ ಸ್ಪರ್ಧೆಯಿಂದ ಬೇಗನೆ ಮರೆಯಾಯಿತು. ಅದು ಸತ್ತಿತೆಂದೇನೂ ಅಲ್ಲ, ಮುಂದೆ ಮತ್ತೆ ಬರುತ್ತದೆ.

ಹೆಂಗಸರಿಗೆ ಒಲಿಂಪಿಕ್ ಬ್ಯಾಕ್‌ಸ್ಟ್ರೋಕ್ ಸಿಕ್ಕಿದ್ದು 1924ರಲ್ಲಿ. ಆಗ ಗೆದ್ದ ಸಿಬಿಲ್ ಬಾವರ್ ಕೂಡ ಷಿಕಾಗೋದವರೇ. ಅವರ ಕಾಲ 1 ನಿಮಿಷ 23.2 ಸೆಕೆಂಡು. ಹದಿನಾರು ವರ್ಷ ಹಿಂದೆ ಲಂಡನ್ನಿನಲ್ಲಿ ಚಿನ್ನ ಗೆದ್ದ ಗಂಡಸಿಗಿಂತ ಬೇಗ! ಅದಕ್ಕೂ ಎರಡು ವರ್ಷ ಮೊದಲು, 1922ರಲ್ಲಿ, ಬರ್ಮುಡಾದಲ್ಲಿ 440 ಗಜವನ್ನು ಅವರು ಅಂದಿನ ಗಂಡಸರ ಅತ್ಯುತ್ತಮ ಕಾಲಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಈಜಿದ್ದರು. 23ನೇ ವಯಸ್ಸಿಗೇ, 1927ರಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು.

1932ರ ಲಾಸ್ ಏಂಜಲೀಸ್‌ನಲ್ಲಿ ಜಪಾನಿನ ಮೂವರು ಮೂರೂ ಪದಕ ಬಾಚಿಕೊಂಡರು. ನಾಲ್ಕು ವರ್ಷದ ಮೇಲೆ ಬರ್ಲಿನ್ನಿನಲ್ಲಿ ಗೆದ್ದವರು ಅಡಾಲ್ಫ್ ಕೀಫರ್. ಈ ಚರಿತ್ರೆಯಲ್ಲಿ ದೊಡ್ಡವರಾದ ಮೇಲೆ ಈಜು ಕಲಿಯುವವರಿಗೆ ಅತಿ ಹತ್ತಿರದವರು ಕೀಫರ್. ಚಿಕ್ಕಂದಿನಲ್ಲಿ ಷಿಕಾಗೋದ ಒಂದು ಕಾಲುವೆಗೆ ಜಾರಿ ಬಿದ್ದಾಗ, ಈಜು ಬಾರದಿದ್ದರೂ ಅಂಗಾತ ಹೊರಳಿ ಕಾಲು ಬಡಿದು ದಡ ಸೇರಿದೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಮೂಗಿಗೆ ನೀರು ಹೋಗುವುದು ಅವರಿಗೆ ಆಗುತ್ತಿರಲಿಲ್ಲವಂತೆ. ಹೈಸ್ಕೂಲಿನಲ್ಲಿದ್ದಾಗಲೇ, 1935ರಲ್ಲಿ, 100 ಗಜವನ್ನು ಒಂದು ನಿಮಿಷದ ಒಳಗೆ ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಗಿಸಿದ ಮೊದಲಿಗರಾದರು. ಅವರ ಕೈ ಕೋಲಿನ ಹಾಗೆ ನೇರ. ನೀರಿನ ಮೇಲ್ಪದರದಲ್ಲೇ ಅಗಲವಾಗಿ, ಪಕ್ಕದಿಂದ ಎಳೆಯುತ್ತಿದ್ದರು.

ಯುದ್ಧ ಬಂದು 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲಿಲ್ಲ. ಕೀಫರ್ ನೌಕಾಪಡೆ ಸೇರಿದರು. ಹಡಗು ಹತ್ತಲು ಬಂದ ಹುಡುಗರಲ್ಲಿ ಎಷ್ಟೋ ಮಂದಿಗೆ ಈಜೇ ಬರುವುದಿಲ್ಲವೆಂಬುದು ಅವರ ಕಣ್ಣಿಗೆ ಬಿತ್ತು. ಕೊಲ್ಲುವುದಕ್ಕೆ ಶತ್ರುವಿನ ಗುಂಡೇ ಬೇಕಾಗಿರಲಿಲ್ಲ, ನೀರೇ ಸಾಕಿತ್ತು. ನೌಕಾಪಡೆಯ ಈಜು ತರಬೇತಿಯನ್ನು ತಿದ್ದುವ ಕೆಲಸದಲ್ಲಿ ತೊಡಗಿದ ಅವರು ಕಲಿಸಿದ್ದು 'ವಿಕ್ಟರಿ ಬ್ಯಾಕ್‌ಸ್ಟ್ರೋಕ್'. ಎರಡೂ ಕೈಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ತಲೆಯಾಚೆ ಚಾಚಿ ಒಟ್ಟಿಗೆ ಎಳೆದುಕೊಂಡು ಅಂಗಾತ ಸಾಗುವುದು. ಒಲಿಂಪಿಕ್ ಚಾಂಪಿಯನ್ ತನ್ನ ಪದಕದ ಈಜನ್ನು ಪಕ್ಕಕ್ಕಿಟ್ಟು, ಬೆಳೆದ ಗಂಡಸರಿಗೆ ಹಾಪೆನ್‌ಬರ್ಗನ ಕಾಲದ ಬೀಸನ್ನು ಹೇಳಿಕೊಟ್ಟ ಹಾಗಾಯಿತು. ಉಸಿರು ಕಟ್ಟುವುದಿಲ್ಲ, ಭುಜ ಸೋಲುವುದಿಲ್ಲ, ಗಾಬರಿ ಇಳಿಯುತ್ತದೆ. ಕೀಫರ್ 98 ವರ್ಷ ಬಾಳಿ 2017ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ನೀರಿಗಿಳಿಯುವುದನ್ನು ಬಿಟ್ಟಿರಲಿಲ್ಲ.

ನೇರ ಕೈಯ ಎಳೆತಕ್ಕೆ ಬದಲಾಗಿ ಮೊಣಕೈ ಮಡಿಸಿ ಎಳೆಯುವ ಪದ್ಧತಿ ಬಲವಾದದ್ದು ಐವತ್ತರ ದಶಕದ ಆಸ್ಟ್ರೇಲಿಯನ್ನರ ಕಾಲಕ್ಕೆ. ಅವರಲ್ಲಿ ಡೇವಿಡ್ ಥೀಲ್ 1956 ಮತ್ತು 1960ರ ಒಲಿಂಪಿಕ್ಸ್ ಎರಡರಲ್ಲೂ ಗೆದ್ದರು. ಗೋಡೆಗೊರಗಿಸಿದ ಮೇಜನ್ನು ತಳ್ಳುವಾಗ ಯಾರೂ ಕೈ ಸೆಟೆದುಕೊಳ್ಳುವುದಿಲ್ಲ, ಮೊಣಕೈ ತಾನಾಗಿ ಮಡಿಯುತ್ತದೆ, ನೀರಿನಲ್ಲೂ ಅಷ್ಟೇ. ಆದರೆ ಅಂಗಾತ ಮಲಗಿದವನ ಭುಜ ಹಾಗೆ ಕೆಲಸ ಮಾಡಬೇಕಾದರೆ ಮೈ ಮಗ್ಗುಲಿಗೆ ಹೊರಳಲೇಬೇಕು. ಬಲಗೈ ನೀರಿಗಿಳಿದಾಗ ಬಲಭುಜ ಕೆಳಗೆ, ಎಡಭುಜ ಗಾಳಿಗೆ. ಈ ಹೊರಳಾಟ ಬಂದ ಮೇಲೆ ಬ್ಯಾಕ್‌ಸ್ಟ್ರೋಕ್ ಬೆನ್ನಿನ ಮೇಲಿನ ಈಜಾಗಿ ಉಳಿಯಲಿಲ್ಲ, ಎರಡು ಮಗ್ಗುಲುಗಳ ನಡುವಿನ ತೂಗಾಟವಾಯಿತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ ನೀರೊಳಗೆ ಕ್ಯಾಮೆರಾ ಇಟ್ಟು ಇಂಥವನ್ನು ಸೆರೆಹಿಡಿದರು. 1968ರಲ್ಲಿ ಬಂದ ಅವರ ಈಜು ವಿಜ್ಞಾನದ ಪುಸ್ತಕ ಜಗತ್ತಿನ ಕೋಚ್‌ಗಳಿಗೆಲ್ಲ ಪಠ್ಯವಾಯಿತು. ಅದೇ ಮನುಷ್ಯ 1979ರಲ್ಲಿ, 58ನೇ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನೂ ಈಜಿ ದಾಟಿದರು. ಬರೆದದ್ದನ್ನು ಮೈಮೇಲೆ ಪ್ರಯೋಗಿಸಿಕೊಂಡ ಲೇಖಕರು ಕಡಿಮೆ.

ಆ ಹೊರಳಾಟದ ಸೊಬಗನ್ನು ತುದಿಗೆ ಒಯ್ದವರು ಪೂರ್ವ ಜರ್ಮನಿಯ ರೋಲಾಂಡ್ ಮಾಥೆಸ್. ಎರ್‌ಫುರ್ಟ್ ನಗರದಲ್ಲಿ ಮಾರ್ಲೀಸ್ ಗ್ರೋಹೆ ಎಂಬ ಮಹಿಳಾ ಕೋಚ್ ಕೈಕೆಳಗೆ ಪಳಗಿದವರು. 1967ರ ವಸಂತದಿಂದ 1974ರ ಆಗಸ್ಟ್‌ವರೆಗೆ ಬ್ಯಾಕ್‌ಸ್ಟ್ರೋಕ್‌ನಲ್ಲಿ ಅವರನ್ನು ಸೋಲಿಸಿದವರೇ ಇಲ್ಲ. 1968 ಮತ್ತು 1972ರಲ್ಲಿ 100, 200 ಮೀಟರ್ ಎರಡೂ ಚಿನ್ನ ಅವರದೇ. ಪಕ್ಕದ ಲೇನ್‌ನವರು ನೀರನ್ನು ಕಡೆಯುತ್ತಿದ್ದರೆ ಮಾಥೆಸ್ ನಿಧಾನಕ್ಕೆ, ಕಡಿಮೆ ಬೀಸುಗಳಲ್ಲಿ ಮುಂದೆ ಹೋಗಿಬಿಡುತ್ತಿದ್ದರು. 'ಈಜಿನ ರೋಲ್ಸ್ ರಾಯ್ಸ್' ಎಂದು ಪತ್ರಿಕೆಗಳು ಕರೆದವು. ಇವತ್ತಿಗೂ ಐವತ್ತು ದಾಟಿದ ಈಜುಗಾರರಿಗೆ ತೋರಿಸಬೇಕಾದ ಮಾದರಿ ಮಾಥೆಸ್. ಇಂದಿನ ಚಾಂಪಿಯನ್ನರಿಂದ ಅವರು ಕಲಿಯುವುದಕ್ಕಿಂತ ಕೆಡುವುದೇ ಹೆಚ್ಚು. ಅದಕ್ಕೆ ಕಾರಣ 1988ರ ಸೋಲ್ ಒಲಿಂಪಿಕ್ಸ್.

ನಿಯಮಪುಸ್ತಕ ಅಲ್ಲಿಯವರೆಗೂ ಇನ್ನೊಂದು ವಿಷಯದಲ್ಲಿ ಮೌನವಾಗಿತ್ತು. ಅಂಗಾತವಾಗಿರಬೇಕು ಎಂದಿತ್ತೇ ಹೊರತು ನೀರಿನ ಮೇಲಿರಬೇಕು ಎಂದಿರಲಿಲ್ಲ. ಮೇಲ್ಮೈಯಲ್ಲಿ ಈಜುವ ಮೈ ಅಲೆಯೆಬ್ಬಿಸುತ್ತದೆ, ಆ ಅಲೆಗೆ ತನ್ನದೇ ಶಕ್ತಿಯನ್ನು ತೆರಬೇಕಾಗುತ್ತದೆ. ತುಸು ಆಳಕ್ಕಿಳಿದರೆ ಆ ಸುಂಕವಿಲ್ಲ. ಹಾರ್ವರ್ಡ್ ವಿದ್ಯಾರ್ಥಿ ಡೇವಿಡ್ ಬರ್ಕಾಫ್ ಕೈಗಳನ್ನು ತಲೆಯಾಚೆ ಜೋಡಿಸಿ, ನೀರೊಳಗೇ ಡಾಲ್ಫಿನ್‌ನಂತೆ ಸೊಂಟ ಬಳುಕಿಸುತ್ತ 35 ಮೀಟರಿನಷ್ಟು ದೂರ ಹೋಗುತ್ತಿದ್ದರು. ನೋಡುವವರಿಗೆ ಏಳು ಲೇನ್‌ಗಳಲ್ಲಿ ಈಜುಗಾರರು, ಒಂದು ಲೇನ್ ಖಾಲಿ. ಆಮೇಲೆ ಎಲ್ಲರಿಗಿಂತ ಮುಂದೆ ಒಂದು ತಲೆ ಮೇಲೆದ್ದು ಬರುತ್ತಿತ್ತು. ಸೋಲ್‌ನ ಹೀಟ್ಸ್‌ನಲ್ಲಿ 54.51 ಸೆಕೆಂಡಿನ ವಿಶ್ವದಾಖಲೆ ಆಯಿತು.

ಆದರೆ ಆ ವಿದ್ಯೆ ಬರ್ಕಾಫ್‌ಗೆ ಒಬ್ಬರಿಗೇ ಗೊತ್ತಿರಲಿಲ್ಲ. ಜಪಾನಿನ ದಾಯ್‌ಚಿ ಸುಜುಕಿ ಸಾಮಾನ್ಯವಾಗಿ ನೀರೊಳಗೆ 21 ಒದೆತ ಒದೆಯುತ್ತಿದ್ದವರು ಫೈನಲ್‌ಗೆ 27 ಒದೆಯಲು ನಿರ್ಧರಿಸಿದರು. ಖಾಲಿ ಲೇನ್ ಈಗ ಒಂದಕ್ಕಿಂತ ಹೆಚ್ಚು. ಕೊನೆಯ ಗೋಡೆಗೆ ಸುಜುಕಿ 55.05, ಬರ್ಕಾಫ್ 55.18, ಸೋವಿಯತ್ ಒಕ್ಕೂಟದ ಪೊಲಿಯಾನ್‌ಸ್ಕಿ 55.20. ಹದಿನಾರು ವರ್ಷಗಳ ಮೇಲೆ ಜಪಾನಿಗೆ ಸಿಕ್ಕ ಈಜಿನ ಚಿನ್ನ ಅದು.

ಪುಸ್ತಕ ಕೊನೆಗೂ ಬಾಯಿ ಬಿಟ್ಟಿತು. ನೀರೊಳಗೆ 10 ಮೀಟರ್ ದಾಟುವಂತಿಲ್ಲ ಎಂದಿತು, 1991ರಲ್ಲಿ ಅದನ್ನು 15ಕ್ಕೆ ಸಡಿಲಿಸಿತು. ಅದೇ ವರ್ಷ ತಿರುವಿನ ನಿಯಮವೂ ಬದಲಾಯಿತು. ಅಂಗಾತವಾಗಿದ್ದೇ ಕೈಯಿಂದ ಗೋಡೆ ಮುಟ್ಟಬೇಕೆಂಬ ಹಳೆಯ ಕಟ್ಟಳೆ ಹೋಗಿ, ಗೋಡೆಯ ಹತ್ತಿರ ಒಮ್ಮೆ ಮುಂಗವಿದು ಹೊರಳಿ ಲಾಗ ಹಾಕಬಹುದೆಂದಾಯಿತು. ಈ ಬದಲಾವಣೆಗಳ ಆಚೀಚೆ ನಿಂತವರು ಹಂಗರಿಯ ಕ್ರಿಸ್ಟಿನಾ ಎಗರ್‌ಸೆಗಿ. ಸೋಲ್‌ನಲ್ಲಿ 200 ಮೀಟರ್ ಗೆದ್ದಾಗ 14 ವರ್ಷ. ಅದೇ ಚಿನ್ನವನ್ನು 1992 ಮತ್ತು 1996ರಲ್ಲೂ ಉಳಿಸಿಕೊಂಡರು. 1991ರಲ್ಲಿ ಅವರು ಬರೆದ 2 ನಿಮಿಷ 6.62 ಸೆಕೆಂಡಿನ ದಾಖಲೆ 2008ರವರೆಗೆ ಅಲುಗಲಿಲ್ಲ. ಈಚೆಗಿನ ಮಾರ್ಪಾಟುಗಳಲ್ಲಿ ಒಂದು ಹೊರಡುವಾಗ ಕಾಲು ಜಾರದಂತೆ ಇಳಿಬಿಡುವ ಆಸರೆಪಟ್ಟಿ. ಇನ್ನೊಂದು 2023ರ ಸಡಿಲಿಕೆ: ಮುಕ್ತಾಯದ ಕಡೆಯ 5 ಮೀಟರಿನಲ್ಲಿ ಮೈ ಪೂರ್ತಿ ಮುಳುಗಿದರೂ ಈಗ ಅಡ್ಡಿಯಿಲ್ಲ.

ಇವೆಲ್ಲ ಹದಿಹರೆಯದವರ, ಇಪ್ಪತ್ತರವರ ಕತೆ. ದೊಡ್ಡವರ ಸ್ಪರ್ಧೆ, ಅಂದರೆ ಮಾಸ್ಟರ್ಸ್, ಹುಟ್ಟಿದ್ದು ತಡವಾಗಿ. ಅಮೆರಿಕದ ನೌಕಾಪಡೆಯ ಮನೋವೈದ್ಯ ರ‍್ಯಾನ್‌ಸಮ್ ಆರ್ಥರ್ ಅವರಿಗೆ, ವ್ಯಾಯಾಮ ಮಾಡಿರೆಂದು ಬೋಧಿಸಿದರೆ ನಡುವಯಸ್ಸಿನವರು ಕೇಳುವುದಿಲ್ಲ, ಮುಂದೊಂದು ಪಂದ್ಯವಿದೆ ಎಂದರೆ ಬೆಳಗಾಗೆದ್ದು ಬರುತ್ತಾರೆ ಎಂಬುದು ಹೊಳೆದಿತ್ತು. 1970ರ ಮೇನಲ್ಲಿ ಟೆಕ್ಸಸ್‌ನ ಅಮರಿಲೊದಲ್ಲಿ ಕೋಚ್ ಜಾನ್ ಸ್ಪನತ್ ಜತೆಗೂಡಿ ಅವರು ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಸಿದರು. 1986ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಮಾಸ್ಟರ್ಸ್. 25 ತುಂಬಿದವರಿಗೆ ಪ್ರವೇಶ, ಐದೈದು ವರ್ಷಕ್ಕೊಂದು ಗುಂಪು. 59ರಲ್ಲಿ ತಮ್ಮ ಗುಂಪಿನಲ್ಲೇ ಹಿರಿಯರಾಗಿದ್ದವರು 60ಕ್ಕೆ ಕಾಲಿಟ್ಟ ವರ್ಷ ಮುಂದಿನ ಗುಂಪಿನ ಕಿರಿಯರು. ಹುಟ್ಟುಹಬ್ಬವನ್ನು ಇಷ್ಟು ಆಸೆಯಿಂದ ಕಾಯುವ ಅರವತ್ತರವರು ಬೇರೆಲ್ಲೂ ಸಿಗಲಿಕ್ಕಿಲ್ಲ. ಕರ್ನಾಟಕಕ್ಕೂ ಈ ಜಾತ್ರೆ ಬಂದಿದೆ: 2023ರಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ನಡೆಯಿತು.

ಕನ್ನಡನಾಡಿನ ನಂಟು ಇನ್ನೂ ಒಂದಿದೆ. ಭಾರತದ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಎಂದರೆ ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 53.77 ಸೆಕೆಂಡು ಈಜಿ ಅವರು ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದರು. ಟೋಕಿಯೊದಲ್ಲಿ ಅವರ ಕಾಲ 54.31, ಸ್ಥಾನ 27. ಪತ್ರಿಕೆಗಳಲ್ಲಿ ಅದು ಎರಡು ಸಾಲಿನ ಸುದ್ದಿ. ಬರ್ಕಾಫ್ ಸೋಲ್‌ನಲ್ಲಿ ಜಗತ್ತನ್ನು ಬೆರಗುಗೊಳಿಸಿದ ವಿಶ್ವದಾಖಲೆ 54.51 ಆಗಿತ್ತೆಂಬುದನ್ನು ಯಾರೂ ನೆನೆಯಲಿಲ್ಲ. ವಿಶ್ವದಾಖಲೆ ಈಗ ಇಟಲಿಯ ಥಾಮಸ್ ಚೆಕಾನ್ ಹೆಸರಿನಲ್ಲಿದೆ: 2022ರಲ್ಲಿ ಬುಡಾಪೆಸ್ಟ್‌ನಲ್ಲಿ ಬಂದ 51.60.

ಬೆಳಗಿನ ಆರು ಗಂಟೆಗೆ ಮಾಸ್ಟರ್ಸ್ ಕಲಿಕೆಗೆ ಬಂದವರನ್ನು ಗಮನಿಸಿದರೆ ಈ ಚರಿತ್ರೆಯ ಪುಟಗಳೆಲ್ಲ ಒಂದೇ ಕೊಳದಲ್ಲಿ ತೆರೆದುಕೊಳ್ಳುತ್ತವೆ. ದಿನವಿಡೀ ಕುರ್ಚಿಯಲ್ಲಿ ಕೂತ ಮೈ ನೀರಿನಲ್ಲೂ ಕುರ್ಚಿಯನ್ನೇ ಹುಡುಕುತ್ತದೆ: ಸೊಂಟ ಇಳಿದು, ಮಂಡಿ ನೀರಿನ ಮೇಲೆ ಬಂದು, ಸೈಕಲ್ ತುಳಿದಂತೆ ಕಾಲಾಡುತ್ತದೆ. ಕೋಚ್ ದಡದಿಂದ 'ಹೊಟ್ಟೆ ಮೇಲೆ, ಹೊಟ್ಟೆ ಮೇಲೆ' ಎಂದು ಕೂಗುತ್ತಾರೆ. ಆಮೇಲೆ ಒಂದು ಲೋಟಕ್ಕೆ ಅರ್ಧ ನೀರು ತುಂಬಿ ಹಣೆಯ ಮೇಲಿಡುತ್ತಾರೆ. 25 ಮೀಟರ್ ಹೋಗಿ ಬರುವವರೆಗೆ ಅದು ಬೀಳಬಾರದು. ಭುಜ ಎಷ್ಟು ಬೇಕಾದರೂ ಹೊರಳಲಿ, ತಲೆ ಮಾತ್ರ ಕಂಬ. ಮೊದಲ ವಾರ ಲೋಟ ಮೂರು ಬೀಸಿಗೆ ಬೀಳುತ್ತದೆ. ತಿಂಗಳಾದ ಮೇಲೆ ಹೇಗೋ ನಿಲ್ಲುತ್ತದೆ. ಅದು ನಿಂತ ದಿನ ಸೊಂಟವೂ ಮೇಲೆದ್ದಿರುತ್ತದೆ.

ಕೈ ನೀರಿಗೆ ಕಿರುಬೆರಳಿನಿಂದ ಇಳಿಯಬೇಕು. ಅದಕ್ಕೆ ಭುಜ ಕಿವಿಯ ಪಕ್ಕಕ್ಕೆ ಬರಬೇಕು, ಐವತ್ತರ ಭುಜ ಅಷ್ಟು ಸುಲಭಕ್ಕೆ ಬರುವುದಿಲ್ಲ. ಬಲವಂತ ಮಾಡಿದರೆ ಮೂರು ತಿಂಗಳು ನೋವಿನ ಮುಲಾಮು ಹಚ್ಚಿಕೊಂಡು ಕೂರಬೇಕು. ತಿಳಿದ ಕೋಚ್‌ಗಳು ಅಂಥವರಿಗೆ ಕೈಯನ್ನು ಗಡಿಯಾರದ ಹನ್ನೆರಡಕ್ಕೆ ಬಿಡದೆ ಹನ್ನೊಂದಕ್ಕೂ ಒಂದಕ್ಕೂ ಇಳಿಸಲು ಹೇಳುತ್ತಾರೆ, ಅಂದರೆ ಕೀಫರ್ ಅವರ ಅಗಲ ಬೀಸಿನ ದಿಕ್ಕಿಗೆ. ನೀರೊಳಗಿನ 15 ಮೀಟರ್ ಪರವಾನಗಿಯೂ ಎಲ್ಲರಿಗೆ ಲಾಭವಲ್ಲ. ಬಳುಕದ ಸೊಂಟಕ್ಕೆ ನಾಲ್ಕೈದು ಒದೆತ ಸಾಕು. ಮಿಕ್ಕ ಉಸಿರು ಕಡೆಯ 10 ಮೀಟರಿಗೆ ಬೇಕಾಗುತ್ತದೆ. ನೀರನ್ನು ಹಿಡಿಯುವುದು ಹೇಗೆಂದು ಅಂಗೈಗೆ ತಿಳಿಯಲಿ ಎಂದು ಎರಡೂ ಕೈ ಒಟ್ಟಿಗೆ ಬೀಸುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಸೀನ್ ನದಿಯ ಈಜು ಹೀಗೆ ಅಭ್ಯಾಸವಾಗಿ ಉಳಿದುಕೊಂಡಿದೆ. ಕೆಲವರು ಸ್ಪರ್ಧೆಯಲ್ಲೂ ಅದನ್ನೇ ಈಜುತ್ತಾರೆ, ಅದರಲ್ಲೂ ಎಪ್ಪತ್ತು ದಾಟಿದವರು. ಎರಡೂ ಕೈ ಒಟ್ಟಿಗೆ, ಕಾಲು ಕಪ್ಪೆಯದು. ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳು ಅಜ್ಜ ತಪ್ಪು ಮಾಡುತ್ತಿದ್ದಾರೆಂದು ಹೇಳಬಹುದು. ರೆಫರಿ ಕೈಯೆತ್ತುವುದಿಲ್ಲ, ಯಾಕೆಂದರೆ ಅಜ್ಜ ಅಂಗಾತವಾಗಿದ್ದಾರೆ.

ಜಪಾನಿನ ಮಿಯೇಕೊ ನಾಗಾವೊಕಾ ಮಂಡಿನೋವಿಗೆಂದು ಕೊಳಕ್ಕಿಳಿದಾಗ ಅವರಿಗೆ 80 ವರ್ಷ. 2015ರ ಏಪ್ರಿಲ್‌ನಲ್ಲಿ ಮತ್ಸುಯಾಮಾದ ಮಾಸ್ಟರ್ಸ್ ಕೂಟದಲ್ಲಿ, 100 ತುಂಬಿದ ಅವರು 1500 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗೆ ನಿಂತರು. 25 ಮೀಟರ್ ಕೊಳದಲ್ಲಿ ಅದು ಒಂದು ತುದಿಯಿಂದ ಇನ್ನೊಂದಕ್ಕೆ 60 ಸಲ. ಅಷ್ಟನ್ನೂ ಅಂಗಾತವಾಗಿಯೇ ಈಜಿ 1 ಗಂಟೆ 15 ನಿಮಿಷ 54.39 ಸೆಕೆಂಡಿನಲ್ಲಿ ಮುಗಿಸಿದರು. ನೂರು ದಾಟಿದವರೊಬ್ಬರು ಆ ದೂರವನ್ನು ಪೂರೈಸಿದ್ದು ಅದೇ ಮೊದಲು. ಫ್ರೀಸ್ಟೈಲ್‌ನಲ್ಲಿ ಯಾವ ಈಜಾದರೂ ನಡೆಯುತ್ತದೆ. ಹಾಗಾಗಿ ದಾಖಲೆಗಳ ಪಟ್ಟಿಯಲ್ಲಿ ಆ ಈಜು ಫ್ರೀಸ್ಟೈಲ್ ಕಾಲಮಿನಲ್ಲಿದೆ.